ತಿದ್ದಲಾಗದ ಭಾಷೆಗೊಂದು ಕಾವಲು

ವೆಬ್ ಪುಟದ ಫಾರಂ ಒಂದರಲ್ಲಿ ನೀವು 5 ಎಂದು ತುಂಬುತ್ತೀರಿ. ಅದಕ್ಕೆ 1 ಕೂಡಿಸಲು ನೇರವಾಗಿ ಹೇಳಿದರೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೊಡುವ ಉತ್ತರ 51. ಅದೇ 1 ಕಳೆಯಲು ಹೇಳಿದರೆ ಸರಿಯಾಗಿ 4! ಫಾರಂನಿಂದ ಬಂದ 5 ಅದರ ಪಾಲಿಗೆ ಸಂಖ್ಯೆಯಲ್ಲ, ಪಠ್ಯ. ಕೂಡುವ ಚಿಹ್ನೆಗೆ ಪಠ್ಯಗಳನ್ನು ಜೋಡಿಸುವ ಕೆಲಸವೂ ಇದೆ. ಕಳೆಯುವ ಚಿಹ್ನೆಗೆ ಲೆಕ್ಕವೊಂದೇ ಗೊತ್ತು.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಮುಂದೆ ಅದು ಎಲ್ಲ ಬ್ರೌಸರ್‌ಗಳಲ್ಲೂ ನೆಲೆಯೂರಿತು. ಇಂಥ ವಿಚಿತ್ರಗಳನ್ನು ಈಗ ಕಿತ್ತುಹಾಕಿದರೆ, ಅವನ್ನೇ ನೆಚ್ಚಿಕೊಂಡ ಹಳೆಯ ಪುಟಗಳು ಕೆಟ್ಟು ಕೂರುತ್ತವೆ. ಹಾಗಾಗಿ ಹೊಸದನ್ನು ಸೇರಿಸಬಹುದೇ ಹೊರತು ಹಳೆಯದನ್ನು ತೆಗೆಯುವುದು ಕಷ್ಟ. ಉಳಿದ ದಾರಿ ಒಂದೇ: ಬರೆಯುವವರಿಗೆ ನಿಯಮ ಹಾಕುವುದು.

ಆ ನಿಯಮಗಳನ್ನು ಕಾಯುವ ತಂತ್ರಾಂಶವೇ ಲಿಂಟರ್. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಇಂಥದ್ದನ್ನು ಮೊದಲು ರೂಪಿಸಿದರು. ಜಾವಾಸ್ಕ್ರಿಪ್ಟ್‌ಗೆ ಡಗ್ಲಸ್ ಕ್ರಾಕ್‌ಫರ್ಡ್ 'ಜೆಎಸ್‌ಲಿಂಟ್' ತಂದರು. ಅದರಲ್ಲಿ ಅವರ ಅಭಿರುಚಿಯೇ ಬಹುಮಟ್ಟಿಗೆ ಕಾನೂನು. 2013ರಲ್ಲಿ ನಿಕೊಲಸ್ ಜಕಾಸ್ ಆರಂಭಿಸಿದ 'ಇಎಸ್‌ಲಿಂಟ್'ನಲ್ಲಿ ಯಾವ ನಿಯಮ ಬೇಕು, ಯಾವುದು ಬೇಡ ಎಂದು ಆಯಾ ತಂಡವೇ ತೀರ್ಮಾನಿಸಬಹುದು. ತನ್ನದೇ ನಿಯಮ ಬರೆದು ಸೇರಿಸಲೂಬಹುದು.

ಲಿಂಟರ್ ಕೋಡನ್ನು ಓಡಿಸಿ ನೋಡುವುದಿಲ್ಲ, ಓದುತ್ತದೆ. ವ್ಯಾಕರಣ ಪಾಠದಲ್ಲಿ ವಾಕ್ಯದಿಂದ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಬಿಡಿಸುವಂತೆ ಕೋಡನ್ನು ಬಿಡಿಸಿ, ಕವಲುಗಳುಳ್ಳ ಮರದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಪ್ರತಿ ನಿಯಮವೂ ತನಗೆ ಸಂಬಂಧಿಸಿದ ಕವಲನ್ನಷ್ಟೇ ಪರೀಕ್ಷಿಸುತ್ತದೆ. ಹೋಲಿಕೆಗೆ ಎರಡು ಸಮಚಿಹ್ನೆ ಬಳಸಿದ್ದರೆ ಮೂರು ಬಳಸಿ ಎನ್ನುವ ನಿಯಮವನ್ನೇ ನೋಡಿ. ಎರಡು ಚಿಹ್ನೆಯ ಹೋಲಿಕೆಯಲ್ಲಿ ಸೊನ್ನೆಯೂ ಖಾಲಿ ಪಠ್ಯವೂ ಸಮ, ಮೂರರಲ್ಲಿ ಅಲ್ಲ. ಹೆಸರಿಟ್ಟು ಎಲ್ಲೂ ಬಳಸದ ಚರಾಂಶವನ್ನು ಹಿಡಿಯುವ ನಿಯಮವೂ ಉಪಯುಕ್ತ, ಏಕೆಂದರೆ ಅದರ ಹಿಂದೆ ಹಲವು ಬಾರಿ ಕಾಗುಣಿತದ ತಪ್ಪೋ ಅರ್ಧಕ್ಕೆ ಬಿಟ್ಟ ಕೆಲಸವೋ ಇರುತ್ತದೆ.

ಆದರೆ ಬಡ್ಡಿಯ ಸೂತ್ರವನ್ನೇ ತಪ್ಪಾಗಿ ಬರೆದಿದ್ದರೆ ಲಿಂಟರ್ ಚಕಾರವೆತ್ತದು. ಅದಕ್ಕೆ ಕೋಡಿನ ರಚನೆ ಗೊತ್ತು, ಬರೆದವರ ಉದ್ದೇಶ ಗೊತ್ತಿಲ್ಲ. ಅಂಥ ತಪ್ಪನ್ನು ಪರೀಕ್ಷೆಗಳೂ ಸಹೋದ್ಯೋಗಿಗಳ ಕಣ್ಣೂ ಹಿಡಿಯಬೇಕು.

ಜಾವಾಸ್ಕ್ರಿಪ್ಟ್ ಕಲಿಯುತ್ತಿರುವವರು ಮೊದಲ ದಿನದಿಂದಲೇ ಲಿಂಟರ್ ಬಳಸಲಿ. ಕಿರಿಕಿರಿಯಾಯಿತೆಂದು ಯಾವುದಾದರೂ ನಿಯಮವನ್ನು ನಿಷ್ಕ್ರಿಯಗೊಳಿಸುವ ಮುನ್ನ, ಅದು ಏಕೆ ಹುಟ್ಟಿತೆಂದು ಒಮ್ಮೆ ಓದಿಕೊಳ್ಳಲಿ.