ಬಸ್ರೂರಿನ ಸೆಲೂನಿಗೆ ಯಾವ ಮೆಷಿನ್?

ಕೂದಲು ಕತ್ತರಿಸುವ ಮೆಷಿನ್ ಕಿವಿಯ ಬಳಿ ಝುಂ ಎನ್ನುವುದೇಕೆ? ದಿನವಿಡೀ ದುಡಿಯುವ ತಂತಿಯ ಮೆಷಿನ್‌ಗಳಲ್ಲಿ ಹಲವು ವಿದ್ಯುತ್ಕಾಂತದಿಂದ ನಡೆಯುತ್ತವೆ. ನಮ್ಮ ವಿದ್ಯುತ್ತಿನ ಆವರ್ತಾಂಕ 50. ಪ್ರತಿ ಆವರ್ತದಲ್ಲಿ ಎರಡು ಬಾರಿ ಕಾಂತ ತೋಳನ್ನು ಸೆಳೆಯುತ್ತದೆ, ಸ್ಪ್ರಿಂಗ್ ಹಿಂದಕ್ಕೆ ತರುತ್ತದೆ. ಅಲಗು ನಿಮಿಷಕ್ಕೆ 6000 ಸಲ ಓಡಾಡುತ್ತದೆ. ಸವೆಯುವ ಬ್ರಷ್, ಗಿಯರ್ ಇಲ್ಲದ್ದರಿಂದ ಬಾಳಿಕೆ ಹೆಚ್ಚು. ಅಮೆರಿಕದಿಂದ ನೆಂಟರು ತಂದದ್ದು ಮಾತ್ರ ಬೇಡ. ಅಲ್ಲಿಯದು 120 ವೋಲ್ಟ್, 60 ಆವರ್ತ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸೀತು, ಆವರ್ತವನ್ನು ಬದಲಿಸದು. 60ಕ್ಕೆ ಹೊಂದಿಸಿದ ಸ್ಪ್ರಿಂಗ್ ಇಲ್ಲಿ ಕಟಕಟ ಎನ್ನುತ್ತದೆ.

ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಲಿಥಿಯಂ ಬ್ಯಾಟರಿಯದೊಂದು ಜೊತೆಗಿದ್ದರೆ ಒಳ್ಳೆಯದು.

ವಾರಾಹಿ ದಂಡೆಯ, ಕಡಲಿಗೆ ಹತ್ತಿರದ ಈ ಊರಿನಲ್ಲಿ ಅಲಗಿಗೆ ನಿಜವಾದ ಶತ್ರು ಉಪ್ಪು ಬೆರೆತ ತೇವದ ಗಾಳಿ. ಸಾದಾ ಕಾರ್ಬನ್ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಅಲಗನ್ನೇ ಕೇಳಿ ಕೊಳ್ಳಿ. ತುಕ್ಕು ಹಿಡಿದ ಅಲಗು ಕೂದಲನ್ನು ಕತ್ತರಿಸದೆ ಕೀಳುತ್ತದೆ. ಚರ್ಮ ಗೀರಿದರೆ ಸೋಂಕಿಗೂ ದಾರಿ. ಪ್ರತಿ ಗಿರಾಕಿಯ ನಂತರ ಮೆಷಿನ್ ಆರಿಸಿ, ಕೂದಲು ಕೊಡವಿ, ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿ. ಅದು ಪೂರ್ತಿ ಆರಿದ ಮೇಲೆ ಎರಡು ತೊಟ್ಟು ಮೆಷಿನ್ ಎಣ್ಣೆ ಬಿಡಿ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಾಕಬೇಡಿ. ಕ್ರಮೇಣ ಕಮಟಿ, ಕೂದಲ ಪುಡಿಯೊಡನೆ ಜಿಗುಟಾಗುತ್ತದೆ.

ಹಣ ಕೊಡುವ ಮುನ್ನ ಇನ್ನೊಂದು ವಿಚಾರಿಸಿ: ಒಂದು ಹಲ್ಲು ಮುರಿದರೆ ಬಿಡಿ ಅಲಗು ಕುಂದಾಪುರದಲ್ಲೇ ಸಿಗುತ್ತದೆಯೇ?