ಗಣಕಯಂತ್ರದ ನವೀಕರಣವೂ ಕಡತಗಳ ಸಂರಕ್ಷಣೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಗಣಕಯಂತ್ರವು ಈಗ ಹಗೇವಿನಂತೆ. ಮಕ್ಕಳ ಭಾವಚಿತ್ರ, ಹಿರಿಯರ ಪತ್ರ, ಪಾಠದ ಟಿಪ್ಪಣಿಗಳು ಅದರಲ್ಲಿಯೇ ಕೂಡಿರುತ್ತವೆ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಕೆಟ್ಟರೆ ಹೊಸದಾಗಿ ಸ್ಥಾಪಿಸಬಹುದು. ಆದರೆ ಮಾಳಿಗೆ ಹೊದಿಸುವ ಭರದಲ್ಲಿ ಹಗೇವಿನ ಕಾಳು ಕೆಡಬಾರದು.

ಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಕೆಲವನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸತಕ್ಕದ್ದು. ಲಿನಕ್ಸಿನಲ್ಲಿ ಸ್ವಂತ ಕಡತಗಳು ‘ಹೋಮ್’ ಎಂಬಲ್ಲಿರುತ್ತವೆ. ಅದು ಪ್ರತ್ಯೇಕ ವಿಭಾಗವಾಗಿದ್ದರೆ, ಸ್ಥಾಪಿಸುವಾಗ ವಿಭಾಗಗಳನ್ನು ನಾವೇ ಆರಿಸುವ ಮಾರ್ಗವನ್ನು ಹಿಡಿದು, ‘ರೂಟ್’ ವಿಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡತಕ್ಕದ್ದು. ಹೋಮಿಗೆ ಹಿಂದಿನ ಸ್ಥಾನವನ್ನೇ ಸೂಚಿಸಿ, ಅದರ ಫಾರ್ಮ್ಯಾಟ್ ಗುರುತನ್ನು ಖಾಲಿ ಬಿಡತಕ್ಕದ್ದು. ಬಳಕೆದಾರರ ಹೆಸರೂ ಹಿಂದಿನದೇ ಇರಲಿ. ಡಿಸ್ಕನ್ನು ಪೂರ್ತಿಯಾಗಿ ಅಳಿಸುವ ಆಯ್ಕೆಯನ್ನು ಒತ್ತಿದರೆ ಸರ್ವವೂ ಹೋಗುವದು. ಹೋಮ್ ಪ್ರತ್ಯೇಕವಾಗಿರದಿದ್ದರೆ ನಕಲನ್ನೇ ನಂಬತಕ್ಕದ್ದು.

ಯುನಿಕೋಡಿನಲ್ಲಿ ಬರೆದ ಕನ್ನಡವನ್ನು ಮುಂದೆಯೂ ಓದಬಹುದು. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದುದಾದರೋ, ಕಡತವು ಉಳಿದಿದ್ದರೂ, ಆ ಫಾಂಟನ್ನು ಪುನಃ ಸೇರಿಸುವವರೆಗೆ ಓದಲು ಬಾರದು. ಆದುದರಿಂದ ಫಾಂಟುಗಳನ್ನೂ ನಕಲು ಮಾಡಿಡಬೇಕು.

ಯಂತ್ರವು ಅಂಗಡಿಯಲ್ಲಿ ದೊರೆಯುವದು, ತಾಯಿಯ ಪತ್ರವು ದೊರೆಯುವದಿಲ್ಲ. ಮೊದಲು ನಕಲು, ಆಮೇಲೆ ಸ್ಥಾಪನೆ ಎಂಬುದೇ ನಮ್ಮ ಬಿನ್ನಹ.