ನಮ್ಮ ಬಸ್ಸಿನ ಹೊತ್ತು ಯಾರ ಕೈಯಲ್ಲಿದೆ?

ಈ ವರ್ಷ ನಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಯವರಿಗೆ ಮೊದಲ ಗಂಟೆ ಇಪ್ಪತ್ತು ನಿಮಿಷ ಮುಂಚೆ ಶುರುವಾಗುತ್ತಿದೆ. ಪಾಠಗಳು ಬೇಗ ಮುಗಿದು ಪುನರಾವರ್ತನೆಗೆ ಸಮಯ ಸಿಗಲಿ ಎಂಬುದು ಇದರ ಉದ್ದೇಶ. ಆದರೆ ಮಾಯಸಂದ್ರದ ಕಡೆಯಿಂದ ಬರುವ ನಾವು ಹನ್ನೊಂದು ಜನ ಹತ್ತುವ ಬಸ್ಸಿನ ಹೊತ್ತು ಹಳೆಯದೇ. ಬಸ್ಸು ತನ್ನ ಹೊತ್ತಿಗೆ ಸರಿಯಾಗಿ ಬರುತ್ತದೆ. ತಡವಾಗುವುದು ನಾವು.

ವಾರದಲ್ಲಿ ಮೂರು ದಿನ ಮೊದಲ ಗಂಟೆ ಲೆಕ್ಕಶಾಸ್ತ್ರ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ನಮ್ಮಲ್ಲಿ ಒಬ್ಬಳ ಮನೆಯಲ್ಲಿ "ದಿನಾ ಅರ್ಧ ಪಾಠ ತಪ್ಪುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು?" ಎಂಬ ಮಾತು ಆಗಲೇ ಬಂದಿದೆ. ಇಂಥ ಮಾತು ಒಮ್ಮೆ ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹುಡುಗಿಯರಿಗೆ ಗೊತ್ತು.

ಒಂದು ಮನವಿ ಬರೆದೆವು. ಯಾರಿಗೆ ಕೊಡುವುದು ಎಂಬಲ್ಲಿ ಜಗಳವಾಯಿತು. ಒಬ್ಬರು ಸಾರಿಗೆ ಸಚಿವರಿಗೆ ಎಂದರು, ಇನ್ನೊಬ್ಬರು ಕಂಡಕ್ಟರ್ ಅಣ್ಣನಿಗೇ ಹೇಳಿದರೆ ಸಾಕು ಎಂದರು. ವ್ಯವಹಾರ ಅಧ್ಯಯನದ ಸರ್ ಕಾಗದ ನೋಡಿ, "ನಿರ್ವಹಣೆಯ ಮೂರು ಮಟ್ಟಗಳನ್ನು ಓದಿದ್ದೀರಲ್ಲ? ಈ ತೀರ್ಮಾನ ಯಾವ ಮಟ್ಟದ್ದು, ಹುಡುಕಿಕೊಂಡು ಬನ್ನಿ" ಎಂದರು. ಹಾಗೆ ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ಮಟ್ಟಗಳು

ಕೆ.ಎಸ್.ಆರ್.ಟಿ.ಸಿ. ನಮ್ಮ ಪುಸ್ತಕದಲ್ಲಿ ಬರುವ ಶಾಸನಬದ್ಧ ನಿಗಮಕ್ಕೆ ಒಳ್ಳೆಯ ಉದಾಹರಣೆ. 1948ರಲ್ಲಿ ಮೈಸೂರು ಸರ್ಕಾರದ ಒಂದು ಇಲಾಖೆಯಾಗಿ 120 ಬಸ್ಸುಗಳೊಂದಿಗೆ ಶುರುವಾಗಿ, 1961ರಲ್ಲಿ ನಿಗಮವಾಯಿತು. 1997ರಲ್ಲಿ ಬೆಂಗಳೂರು ನಗರಕ್ಕೆ ಮತ್ತು ವಾಯವ್ಯ ಕರ್ನಾಟಕಕ್ಕೆ, 2000ದಲ್ಲಿ ಈಗಿನ ಕಲ್ಯಾಣ ಕರ್ನಾಟಕಕ್ಕೆ ಬೇರೆ ನಿಗಮಗಳಾದವು. ನಮ್ಮ ತುಮಕೂರು ಜಿಲ್ಲೆ ಮೂಲ ನಿಗಮದಲ್ಲೇ ಉಳಿದಿದೆ.

ಮೇಲಿನ ಮಟ್ಟದಲ್ಲಿ ಬೆಂಗಳೂರಿನ ಶಾಂತಿನಗರದ ಕೇಂದ್ರ ಕಚೇರಿ ಇದೆ. ಅಲ್ಲಿ ವ್ಯವಸ್ಥಾಪಕ ನಿರ್ದೇಶಕರು ಇರುತ್ತಾರೆ. ಅವರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಹೊಸ ಬಸ್ಸುಗಳ ಖರೀದಿ, ನೇಮಕಾತಿ, ಸಾಲ, ಸರ್ಕಾರದೊಂದಿಗಿನ ವ್ಯವಹಾರ ಎಲ್ಲ ಅಲ್ಲಿಯದು. ಕೆಳಗಿನ ಮಟ್ಟದಲ್ಲಿ ಡಿಪೋ, ಅಂದರೆ ಘಟಕ. ಘಟಕ ವ್ಯವಸ್ಥಾಪಕರು ಬೆಳಗಿನ ಜಾವ ಯಾವ ಬಸ್ಸು ಹೊರಡಬೇಕು, ರಜೆ ಹಾಕಿದ ಚಾಲಕನ ಬದಲು ಯಾರು, ಯಾವ ಗಾಡಿ ರಿಪೇರಿಗೆ ನಿಲ್ಲಬೇಕು ಎಂದು ದಿನದಿನದ ಕೆಲಸ ನೋಡುತ್ತಾರೆ. ನಮಗೆ ಹತ್ತಿರದ್ದು ತುರುವೇಕೆರೆ ಘಟಕ.

ಇವೆರಡರ ನಡುವೆ ಇರುವವರು ವಿಭಾಗೀಯ ನಿಯಂತ್ರಣಾಧಿಕಾರಿ. ಜನ ಚಿಕ್ಕದಾಗಿ ಡಿ.ಸಿ. ಎನ್ನುತ್ತಾರೆ. ಜಿಲ್ಲಾಧಿಕಾರಿ ಬೇರೆ, ಇವರು ಬೇರೆ. ತುಮಕೂರಿನಲ್ಲಿ ಕುಳಿತು ವಿಭಾಗದ ಎಲ್ಲ ಘಟಕಗಳನ್ನೂ ನೋಡಿಕೊಳ್ಳುವವರು ಇವರೇ. ಸಂಚಾರ, ಯಾಂತ್ರಿಕ, ಲೆಕ್ಕಪತ್ರ ಹೀಗೆ ಒಂದೊಂದು ಶಾಖೆಗೆ ಒಬ್ಬೊಬ್ಬ ಅಧಿಕಾರಿ ಇವರ ಕೈಕೆಳಗೆ ಇರುತ್ತಾರೆ. ನಮ್ಮಂಥವರ ಬೇಡಿಕೆಗೆ ಘಟಕ ವರದಿ ಕೊಡುತ್ತದೆ, ವಿಭಾಗ ತೀರ್ಮಾನಿಸುತ್ತದೆ. ಹಾಗಾಗಿ ಮನವಿ ಘಟಕದ ಮೂಲಕ ಇವರಿಗೇ ಹೋಗಬೇಕು.

ಇಪ್ಪತ್ತು ನಿಮಿಷ ಎಂದರೆ ಎಷ್ಟು?

ಬರೀ ಇಪ್ಪತ್ತು ನಿಮಿಷ ತಾನೆ ಎಂದು ನಾವು ಅಂದುಕೊಂಡಿದ್ದೆವು. ನನ್ನ ಚಾಚಾ ನಿವೃತ್ತ ಕಂಡಕ್ಟರ್. ಅವರು ನಕ್ಕು, "ಬೇಟಿ, ನಿನ್ನ ಕಣ್ಣಿಗೆ ಒಂದು ಟ್ರಿಪ್ ಕಾಣುತ್ತದೆ. ಆಫೀಸರಿಗೆ ಇಡೀ ಶೆಡ್ಯೂಲ್ ಕಾಣುತ್ತದೆ" ಎಂದರು.

ಶೆಡ್ಯೂಲ್ ಎಂದರೆ ಒಂದು ಬಸ್ಸಿನ ಇಡೀ ದಿನದ ಓಟ. ನಮ್ಮನ್ನು ಇಳಿಸಿದ ಗಾಡಿ ಆಮೇಲೆ ಇನ್ನೊಂದು ಊರಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಮೊದಲ ಟ್ರಿಪ್ ಜರುಗಿದರೆ ಉಳಿದವೂ ಜರುಗಬೇಕು, ಇಲ್ಲವೇ ಬಸ್ಸು ಎಲ್ಲೋ ಸುಮ್ಮನೆ ಇಪ್ಪತ್ತು ನಿಮಿಷ ನಿಲ್ಲಬೇಕು. ಚಾಲಕ, ನಿರ್ವಾಹಕರ ಕೆಲಸದ ಅವಧಿಗೂ ಮಿತಿ ಇದೆ. ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಒಂದೇ ಸಮ ದುಡಿಸುವಂತಿಲ್ಲ, ನಡುವೆ ವಿರಾಮ ಕೊಡಬೇಕು.

ಇನ್ನೊಂದು ಖಾಲಿ ಓಟದ ಲೆಕ್ಕ. ಡಿಪೋದಿಂದ ಮೊದಲ ಊರಿಗೆ ಬಸ್ಸು ಖಾಲಿ ಹೋದರೆ ಡೀಸೆಲ್ ಖರ್ಚು ಮಾತ್ರ, ಆದಾಯ ಸೊನ್ನೆ. ಕೆಲವು ಬಸ್ಸುಗಳು ರಾತ್ರಿ ಹಳ್ಳಿಯಲ್ಲೇ ತಂಗುವುದರಿಂದ ಈ ಖರ್ಚು ಉಳಿಯುತ್ತದೆ. ಹಳ್ಳಿಯವರಿಗೆ ಬೆಳಗಿನ ಬಸ್ಸೂ ಸಿಗುತ್ತದೆ.

ನಷ್ಟದ ಟ್ರಿಪ್ ನಿಲ್ಲಿಸಬೇಕೆ?

ನಿಯಂತ್ರಣಾಧಿಕಾರಿ ದಿನವೂ ನೋಡುವ ಅಂಕಿ ಎಂದರೆ ಕಿಲೋಮೀಟರಿಗೆ ಎಷ್ಟು ಆದಾಯ, ಎಷ್ಟು ವೆಚ್ಚ ಎಂಬುದು. ಒಂದು ಲೆಕ್ಕ ಮಾಡಿ ನೋಡೋಣ. ಇವು ಉದಾಹರಣೆಗೆ ನಾನೇ ಹಾಕಿಕೊಂಡ ಸಂಖ್ಯೆಗಳು.

20 ಕಿ.ಮೀ.ನ ಒಂದು ಟ್ರಿಪ್ಪಿಗೆ ಡೀಸೆಲ್, ಟಯರ್ ಮುಂತಾದ ಬದಲಾಗುವ ವೆಚ್ಚ 500 ರೂ. ಸಂಬಳ, ತೆರಿಗೆ, ಸವಕಳಿ ಮುಂತಾದ ಸ್ಥಿರ ವೆಚ್ಚದ ಪಾಲು 500 ರೂ. ಆದಾಯ 700 ರೂ. ಪುಸ್ತಕದಲ್ಲಿ 300 ರೂ. ನಷ್ಟ. ಟ್ರಿಪ್ ನಿಲ್ಲಿಸಿದರೆ ಏನಾಗುತ್ತದೆ? 500 ರೂ. ಬದಲಾಗುವ ವೆಚ್ಚ ಉಳಿಯುತ್ತದೆ, 700 ರೂ. ಆದಾಯ ಹೋಗುತ್ತದೆ, ಸ್ಥಿರ ವೆಚ್ಚ ಹಾಗೇ ನಿಂತಿರುತ್ತದೆ. ಈಗ ನಷ್ಟ 500 ರೂ. ಅಂದರೆ ನಷ್ಟದ್ದು ಎನಿಸಿದ ಟ್ರಿಪ್ 200 ರೂಪಾಯಿಯಷ್ಟು ಸ್ಥಿರ ವೆಚ್ಚವನ್ನು ಹೊರುತ್ತಿತ್ತು! ಆದರೆ ಅದೇ ಬಸ್ಸು ಅದೇ ಹೊತ್ತಿನಲ್ಲಿ ಬೇರೆ ದಾರಿಯಲ್ಲಿ 900 ರೂ. ತರುವಂತಿದ್ದರೆ? ಆಗ ಅಧಿಕಾರಿಗೆ ಯೋಚನೆ ಬರುತ್ತದೆ.

ಇಲ್ಲಿ ಕಾನೂನು ಎರಡು ಕಡೆಗೆ ಎಳೆಯುತ್ತದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಸೆಕ್ಷನ್ 18, ದಕ್ಷವಾದ, ಸಾಕಷ್ಟಾದ, ಮಿತವ್ಯಯದ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. ಸೆಕ್ಷನ್ 22, ವ್ಯವಹಾರದ ತತ್ವಗಳಂತೆ ನಡೆಯಬೇಕು ಎನ್ನುತ್ತದೆ. ಸೆಕ್ಷನ್ 34ರಂತೆ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ಖಾಸಗಿ ಬಸ್ಸಿನ ಮಾಲೀಕ ಲಾಭವೊಂದನ್ನೇ ನೋಡಿದರೂ ನಡೆಯುತ್ತದೆ. ಇವರು ಹಾಗೆ ಮಾಡುವಂತಿಲ್ಲ. ಟಿಕೆಟ್ ದರವನ್ನೂ ತಾವಾಗಿ ಏರಿಸುವಂತಿಲ್ಲ. 2025ರ ಜನವರಿ 5ರಿಂದ ದರ ಶೇ. 15 ಹೆಚ್ಚಿದ್ದು ಸಚಿವ ಸಂಪುಟದ ತೀರ್ಮಾನದಿಂದ.

ಶೂನ್ಯ ಟಿಕೆಟ್ ಶೂನ್ಯವಲ್ಲ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಲೆಕ್ಕದಲ್ಲಿ ಶೂನ್ಯವಲ್ಲ. ಅದರ ಪ್ರಯಾಣ ದರ ದಾಖಲಾಗುತ್ತದೆ, ನಿಗಮ ಆ ಹಣವನ್ನು ಸರ್ಕಾರದಿಂದ ಕೇಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ಕಾರ ಇಲ್ಲಿ ಋಣಿ, ಆ ಚೀಟಿ ವೋಚರು.

ಇದು ತಿಳಿದಾಗ ನನಗೆ ನಾಚಿಕೆಯಾಯಿತು. ರಶ್ ಇದ್ದಾಗ ನಾವು ಎಷ್ಟೋ ದಿನ ಟಿಕೆಟ್ ಕೇಳದೆ ಇಳಿದಿದ್ದೇವೆ. ನಮ್ಮ ಮಟ್ಟಿಗೆ ಅದು ಕಾಗದದ ಚೂರು. ತುಮಕೂರಿನಲ್ಲಿ ಕುಳಿತ ಅಧಿಕಾರಿಗೆ ನಮ್ಮ ಮುಖ ಕಾಣುವುದಿಲ್ಲ, ಟಿಕೆಟ್ ಲೆಕ್ಕ ಕಾಣುತ್ತದೆ. ಕಾಲಿಡಲು ಜಾಗವಿಲ್ಲದ ಬಸ್ಸು ಲೆಕ್ಕದಲ್ಲಿ ಅರ್ಧ ಖಾಲಿ ಇರಬಹುದು. ಅಂಥ ಬಸ್ಸನ್ನು ಉಳಿಸಿ ಎಂದು ನಾವೇ ಮನವಿ ಕೊಟ್ಟರೆ ಯಾರು ನಂಬುತ್ತಾರೆ? ತಪಾಸಣೆಯಲ್ಲಿ ಸಿಕ್ಕಿದರೆ ಕಂಡಕ್ಟರಿಗೂ ತೊಂದರೆ. "ಗಾಡಿ ಅಮಾನತ್ ಇದ್ದ ಹಾಗೆ. ಅಧಿಕಾರಿಗೆ ಎಷ್ಟೋ ನಿಮಗೂ ಅಷ್ಟೇ" ಎಂದರು ಚಾಚಾ.

ಮನವಿ ಬದಲಾಯಿತು

ಆರು ದಿನ ಬೆಳಗ್ಗೆ ನಾವು ಪ್ರತಿ ನಿಲ್ದಾಣದಲ್ಲಿ ಹತ್ತುವವರನ್ನು ಎಣಿಸಿ ಕೋಷ್ಟಕ ಮಾಡಿದೆವು. ಆಗ ನಮಗೆ ತಿಳಿಯದ ಒಂದು ಸಂಗತಿ ಕಂಡಿತು. ತೆಂಗಿನಕಾಯಿ ಸುಲಿಯಲು ಹೋಗುವ ಕೆಲವರು ಇನ್ನೊಂದು ಬಸ್ಸಿನಿಂದ ಇಳಿದು ನಮ್ಮ ಬಸ್ಸಿಗೆ ಓಡಿ ಬರುತ್ತಾರೆ. ಇಪ್ಪತ್ತು ನಿಮಿಷ ಮುಂಚೆ ಹೊರಟರೆ ಅವರ ದಿನದ ಕೂಲಿ ಹೋಗುತ್ತದೆ. ಹತ್ತು ನಿಮಿಷವಾದರೆ ಅವರಿಗೂ ಸಿಗುತ್ತದೆ.

ಈಗ ಎರಡು ಕಾಗದ ಕೊಟ್ಟಿದ್ದೇವೆ. ಒಂದು ಘಟಕದ ಮೂಲಕ ವಿಭಾಗೀಯ ನಿಯಂತ್ರಣಾಧಿಕಾರಿಯವರಿಗೆ, ಬಸ್ಸು ಹತ್ತು ನಿಮಿಷ ಮುಂಚೆ ಹೊರಡಲಿ ಎಂದು. ಇನ್ನೊಂದು ನಮ್ಮ ಪ್ರಾಂಶುಪಾಲರಿಗೆ, ಮೊದಲ ಗಂಟೆ ಹತ್ತು ನಿಮಿಷ ತಡವಾಗಿ ಶುರುವಾಗಲಿ ಎಂದು. ಸಿಬ್ಬಂದಿ ಸಭೆಯಲ್ಲಿ ಇಡುತ್ತೇನೆ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಘಟಕದವರು ಕೋಷ್ಟಕ ನೋಡಿ ಸ್ವೀಕೃತಿ ಕೊಟ್ಟಿದ್ದಾರೆ, ಉತ್ತರ ಬರಬೇಕು.

ಅಲ್ಲಿಯವರೆಗೆ ಈ ದಾರಿಯಲ್ಲಿ ಬರುವ ತಂಗಿಯರಿಗೆ, ಗೆಳತಿಯರಿಗೆ ಒಂದು ವಿನಂತಿ. ಎಷ್ಟೇ ರಶ್ ಇರಲಿ, ಟಿಕೆಟ್ ಕೇಳಿ ತೆಗೆದುಕೊಳ್ಳಿ.